ಒಂದೇ ಟ್ಯಾಂಕು ಸೋರುತ್ತಿತ್ತು, ಸುಡುತ್ತಲೂ ಇತ್ತು: ಕಾಯಿಲ್ ಬತ್ತಿಯ ಎರಡು ತುದಿಗಳ ಪ್ರಕರಣ

ಇದು ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರೊಬ್ಬರ ವೇಪ್, ಅಂದರೆ ಇ-ಸಿಗರೇಟಿನ ಟ್ಯಾಂಕಿನ ಪ್ರಕರಣ. ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಹೆಸರು, ಊರು, ಕೆಲಸದ ವಿವರ ಬದಲಿಸಿದ್ದೇನೆ. ಇಲ್ಲಿ ಅವರನ್ನು ಸುರೇಶ್ ಎಂದು ಕರೆಯುತ್ತೇನೆ.

ಮೊದಲೇ ಒಂದು ಮಾತು. ಸಿಗರೇಟು ಸೇದದವರು ವೇಪ್ ಮುಟ್ಟುವ ಅಗತ್ಯವೇ ಇಲ್ಲ, ನಿಕೋಟಿನ್ ಚಟ ಹಿಡಿಸುತ್ತದೆ. ಭಾರತದಲ್ಲಿ 2019ರ ಕಾಯ್ದೆಯ ಪ್ರಕಾರ ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವೂ ನಿಷಿದ್ಧ. ಹಾಗಾಗಿ ಇದು ವೇಪ್ ಕಾನೂನುಬದ್ಧವಾಗಿರುವ ದೇಶದಲ್ಲಿದ್ದು, ಸಿಗರೇಟು ಬಿಡಲು ಅದನ್ನು ಹಿಡಿದಿರುವ ವಯಸ್ಕರಿಗಾಗಿ ಬರೆದದ್ದು.

ಹಿನ್ನೆಲೆ

ಸುರೇಶ್ ಅವರಿಗೆ ನಲವತ್ತು ದಾಟಿದೆ. ಕಾಲೇಜಿನ ದಿನಗಳಿಂದ ಸಿಗರೇಟು. ಇಂಗ್ಲೆಂಡಿಗೆ ಬಂದ ಮೇಲೂ ಬಿಟ್ಟಿರಲಿಲ್ಲ. ರಾತ್ರಿ ಪಾಳಿಯ ಕೆಲಸ ಅದನ್ನು ಜಾಸ್ತಿಯೇ ಮಾಡಿತ್ತು. ನಿಕೋಟಿನ್ ಪ್ಯಾಚ್ ಹಚ್ಚಿ ನೋಡಿದರು, ನಿಕೋಟಿನ್ ಗಮ್ ಅಗಿದು ನೋಡಿದರು. ಕೊನೆಗೆ ಕೈಹಿಡಿದದ್ದು ವೇಪ್. ಇದು ಅವರೊಬ್ಬರ ಕಥೆಯಲ್ಲ. ಇಂಗ್ಲೆಂಡಿನಲ್ಲಿ 886 ಜನರ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಲಿಕ್ವಿಡ್ ತುಂಬಿಸಿಕೊಳ್ಳುವ ವೇಪ್ ಪಡೆದವರಲ್ಲಿ ಒಂದು ವರ್ಷದ ಬಳಿಕ ಸಿಗರೇಟಿನಿಂದ ದೂರ ಉಳಿದವರು ಶೇ 18. ಪ್ಯಾಚ್, ಗಮ್‌ನಂಥವು ಪಡೆದವರಲ್ಲಿ ಅದು ಶೇ 9.9.

ಸುರೇಶ್ ಮೊದಲು ಬಳಸಿ ಬಿಸಾಡುವ ವೇಪ್ ಸೇದುತ್ತಿದ್ದರು. 2025ರ ಜೂನ್ 1ರಿಂದ ಬ್ರಿಟನ್ನಿನಲ್ಲಿ ಅವುಗಳ ಮಾರಾಟ ನಿಂತಿತು. ಆಗ ಕಾಯಿಲ್, ಅಂದರೆ ಲಿಕ್ವಿಡನ್ನು ಕಾಯಿಸುವ ತಂತಿಯ ಸುರುಳಿ, ಬದಲಿಸುವ ಸಾಧನಕ್ಕೆ ಬಂದರು. ಅಂಗಡಿಯ ಕಾಯಿಲ್‌ಗಳು ಬೇಗ ಸುಡುತ್ತಿದ್ದವು, ದುಡ್ಡೂ ಹೋಗುತ್ತಿತ್ತು. ಹಾಗಾಗಿ ಕಾಯಿಲ್ ಮತ್ತು ಅದಕ್ಕೆ ಲಿಕ್ವಿಡ್ ಹೀರಿ ಕೊಡುವ ಹತ್ತಿಯ ಬತ್ತಿಯನ್ನು ನಾವೇ ಹಾಕಿಕೊಳ್ಳುವ ಆರ್‌ಟಿಎ ಎಂಬ ಬಗೆಯ ಟ್ಯಾಂಕ್ ಕೊಂಡರು. ಸಿಗರೇಟಿನಂತೆ ಮೊದಲು ಬಾಯಿಗೆ ಎಳೆದು ಆಮೇಲೆ ಒಳಗೆಳೆಯುವ ಬಗೆಯದು. ಬ್ರಿಟನ್ನಿನ ನಿಯಮದ ಪ್ರಕಾರ ಟ್ಯಾಂಕಿನ ಅಳತೆ 2 ಮಿಲಿ, ನಿಕೋಟಿನ್ ಲಿಕ್ವಿಡ್ ಬಾಟಲಿ 10 ಮಿಲಿ ದಾಟುವಂತಿಲ್ಲ.

ಅವರ ಕಾಯಿಲ್ ಹೀಗಿತ್ತು: 28 ಗೇಜಿನ ಕಾಂಥಾಲ್ ತಂತಿ, 2.5 ಮಿಲಿಮೀಟರ್ ಒಳವ್ಯಾಸ, ಒಂದಕ್ಕೊಂದು ತಾಗದ ಹಾಗೆ ಆರು ಸುತ್ತು. ರೆಸಿಸ್ಟೆನ್ಸ್ 1.1 ಓಮ್ ಆಸುಪಾಸು. 13 ವಾಟ್‌ನಲ್ಲಿ ಸೇದುತ್ತಿದ್ದರು. ಈ ಲೆಕ್ಕದಲ್ಲಿ ಯಾವ ತಪ್ಪೂ ಇರಲಿಲ್ಲ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ತೊಂದರೆ ಬಂದಾಗ ಎಲ್ಲರ ಅನುಮಾನವೂ ಮೊದಲು ಹೋಗುವುದು ತಂತಿಯ ಮೇಲೆ ಮತ್ತು ವಾಟ್ ಮೇಲೆ.

ತೊಂದರೆ

"ಸರ್, ಒಂದೇ ಟ್ಯಾಂಕು ಸೋರುತ್ತೆ, ಅದೇ ಟ್ಯಾಂಕು ಸುಡುತ್ತೆ. ಇದು ಹೇಗೆ ಸಾಧ್ಯ?" ಅಂತ ಕೇಳಿಕೊಂಡು ಅವರು ನನ್ನ ಬಳಿ ಬಂದರು.

ರಾತ್ರಿ ಮೇಜಿನ ಮೇಲೆ ಇಟ್ಟರೆ ಬೆಳಿಗ್ಗೆ ಗಾಳಿ ತೂತಿನ ಕೆಳಗೆ ಅಂಟಂಟು ಲಿಕ್ವಿಡ್. ಜೇಬಿನಲ್ಲಿಟ್ಟರೆ ಪ್ಯಾಂಟಿಗೆ ಕಲೆ. ಪಾಳಿಯ ನಡುವೆ ಸಿಗುವ ಸಣ್ಣ ಬಿಡುವಿನಲ್ಲಿ ಬಿಡದೆ ನಾಲ್ಕೈದು ದಮ್ಮು ಎಳೆದರೆ ಮಾತ್ರ ಗಂಟಲು ಕೆರೆಯುವ ಸುಟ್ಟ ರುಚಿ. ಡ್ರೈ ಹಿಟ್ ಅನ್ನುತ್ತಾರಲ್ಲ, ಅದೇ. ಹತ್ತಿ ಒಣಗಿದ ಜಾಗದಲ್ಲಿ ತಂತಿ ಮಿತಿಮೀರಿ ಕಾಯುವುದು.

ಇದನ್ನು ಬರೀ ರುಚಿಯ ವಿಷಯ ಅಂತ ತಳ್ಳಿಹಾಕಬಾರದು. ಲಿಕ್ವಿಡ್ ಮಿತಿಮೀರಿ ಕಾದರೆ ಫಾರ್ಮಾಲ್ಡಿಹೈಡ್‌ನಂಥ ವಸ್ತುಗಳು ಹುಟ್ಟುತ್ತವೆ. 2015ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನ ಸಂಶೋಧಕರು ತಾವು ಪರೀಕ್ಷಿಸಿದ ಸಾಧನದಲ್ಲಿ 5 ವೋಲ್ಟ್‌ಗೆ ಏರಿಸಿದಾಗ ಫಾರ್ಮಾಲ್ಡಿಹೈಡ್ ಬಿಡುವ ವಸ್ತುಗಳನ್ನು ಕಂಡಿದ್ದರು, 3.3 ವೋಲ್ಟ್‌ನಲ್ಲಿ ಕಂಡಿರಲಿಲ್ಲ. ಅಷ್ಟು ಕಾದ ಹೊಗೆಯನ್ನು ಯಾರೂ ಸೇದಲಾರರು, ಅದು ಡ್ರೈ ಹಿಟ್ ಅಂತ ಬೇರೆ ಸಂಶೋಧಕರು ಆಮೇಲೆ ವಾದಿಸಿದರು. ನಮ್ಮ ಪ್ರಕರಣಕ್ಕೆ ಎರಡೂ ಕಡೆಯ ಮಾತು ಒಂದೇ ಕಡೆ ಬಂದು ನಿಲ್ಲುತ್ತದೆ. ಸುಟ್ಟ ರುಚಿ ಬಂದರೆ ಸೇದುವುದನ್ನು ಅಲ್ಲೇ ನಿಲ್ಲಿಸಬೇಕು.

ಇನ್ನೂ ದೊಡ್ಡ ಆತಂಕ ಬೇರೆಯೇ ಇತ್ತು. ಟ್ಯಾಂಕು ಕೈಕೊಟ್ಟ ರಾತ್ರಿಗಳಲ್ಲಿ ಸುರೇಶ್ ಜೊತೆ ಕೆಲಸದವರ ಹತ್ತಿರ ಸಿಗರೇಟು ಕೇಳತೊಡಗಿದ್ದರು. ಇದನ್ನು ಅವರು ಮನೆಯವರಿಗೂ ಹೇಳಿರಲಿಲ್ಲ. ನನಗೆ ಈ ಪ್ರಕರಣ ಮುಖ್ಯ ಅನ್ನಿಸಿದ್ದು ಆ ಮಾತಿನಿಂದ. ಇಷ್ಟೇ ಇಷ್ಟು ಹತ್ತಿ ಸರಿಯಾಗಿ ಕೂರದ ಕಾರಣಕ್ಕೆ ಒಬ್ಬರು ಮತ್ತೆ ಸಿಗರೇಟಿಗೆ ಜಾರುವ ಹಾಗಾಗಿತ್ತು.

ಅವರು ಆಗಲೇ ಮಾಡಿ ನೋಡಿದ್ದು

ಸೋರಿದಾಗ ಹತ್ತಿ ಜಾಸ್ತಿ ಹಾಕಿದರು. ಸುಟ್ಟಾಗ ಕಡಿಮೆ ಮಾಡಿದರು. ಮತ್ತೆ ಸೋರಿತು, ಮತ್ತೆ ಜಾಸ್ತಿ. ಈ ಚಕ್ರ ವಾರಗಟ್ಟಲೆ ನಡೆಯಿತು. ನಡುವೆ ಯಾರೋ ಹೇಳಿದರು ಅಂತ ದಪ್ಪ ಲಿಕ್ವಿಡ್‌ಗೆ ಬದಲಾದರು, ಶೇ 70 ಗ್ಲಿಸರಿನ್ ಇರುವಂಥದ್ದಕ್ಕೆ. ಸೋರುವುದು ಸ್ವಲ್ಪ ಕಡಿಮೆಯಾಯಿತು, ಸುಡುವುದು ಜಾಸ್ತಿಯಾಯಿತು. ಆಗ ಚಳಿಗಾಲ ಬೇರೆ. ಗ್ಲಿಸರಿನ್ ಚಳಿಗೆ ಎಷ್ಟು ದಪ್ಪಗಾಗುತ್ತದೆ ಅನ್ನುವುದು ಹಲವರಿಗೆ ಅಂದಾಜಿರುವುದಿಲ್ಲ. 30 ಡಿಗ್ರಿ ಸೆಲ್ಸಿಯಸ್‌ಗೆ ಹೋಲಿಸಿದರೆ 20 ಡಿಗ್ರಿಯಲ್ಲೇ ಅದರ ಸ್ನಿಗ್ಧತೆ ಎರಡು ಪಟ್ಟಿಗಿಂತ ಹೆಚ್ಚು. ಇನ್ನು ಇಂಗ್ಲೆಂಡಿನ ಜನವರಿಯಲ್ಲಿ ಕಟ್ಟಡದ ಹೊರಗೆ ನಿಂತು ಸೇದುವಾಗ ಅದು ಸಣ್ಣ ಟ್ಯಾಂಕಿನ ಹತ್ತಿಯಲ್ಲಿ ಬೇಗ ಹರಿಯುವುದಾದರೂ ಹೇಗೆ?

ವಾಟ್ ಇಳಿಸಿ ನೋಡಿದರು. ಹೊಗೆ ಸಾಲದೆ ಮತ್ತೆ ಏರಿಸಿದರು. ಹತ್ತಿಯ ಬ್ರ್ಯಾಂಡ್ ಬದಲಿಸಿದರು. ಹಲವು ಸಲ ಇವುಗಳಲ್ಲಿ ಎರಡು ಮೂರನ್ನು ಒಟ್ಟಿಗೇ ಬದಲಿಸಿದ್ದರು. ಯಾವುದರಿಂದ ಏನಾಯಿತು ಅಂತ ಹೇಳುವ ಹಾಗೇ ಇರಲಿಲ್ಲ.

ಪ್ರತಿ ಸಲ ತೊಂದರೆಯಾದಾಗ ಅವರು ಚಿಮಟದಲ್ಲಿ ಹತ್ತಿಯನ್ನು ಎಳೆದು ಬಿಸಾಡುತ್ತಿದ್ದರು. ಉತ್ತರ ಇದ್ದದ್ದು ಅದರಲ್ಲೇ. ಕಾಯಿಲ್ ಮೂಲಕ ಎಳೆದಾಗ ಒಂದು ಬಾಲ, ಅಂದರೆ ಕಾಯಿಲ್‌ನಿಂದ ಹೊರಗೆ ಚಾಚಿದ ಹತ್ತಿಯ ತುದಿ, ಹಿಂಡಿಹೋಗುತ್ತದೆ, ಆಕಾರ ಅಳಿಸಿಹೋಗುತ್ತದೆ. ಸುಟ್ಟದ್ದು ಎಲ್ಲಿ, ಬಿಗಿಯಾಗಿದ್ದದ್ದು ಎಲ್ಲಿ, ಯಾವುದೂ ಗೊತ್ತಾಗುವುದಿಲ್ಲ.

ತಿರುವು: ಬಿಚ್ಚಿ ನೋಡಿದ್ದು

"ಮುಂದಿನ ಸಲ ಸುಟ್ಟಾಗ ಏನೂ ಮುಟ್ಟಬೇಡಿ, ಲಿಕ್ವಿಡ್ ಖಾಲಿ ಮಾಡಿ ಟ್ಯಾಂಕು ಹಾಗೇ ತನ್ನಿ" ಅಂದೆ. ಅವರು ತಂದರು. ಎರಡೂ ಸ್ಕ್ರೂ ಸಡಿಲಿಸಿ, ತಂತಿಯ ಕಾಲುಗಳನ್ನು ಬಿಡಿಸಿ, ಕಾಯಿಲನ್ನು ಹತ್ತಿ ಸಮೇತ ಮೇಲಕ್ಕೆತ್ತಿ ಬಿಳಿ ಕಿಚನ್ ಪೇಪರ್ ಮೇಲೆ ಇಟ್ಟೆವು.

ನೋಡಿದ ಕೂಡಲೇ ಅರ್ಧ ವಿಷಯ ಗೊತ್ತಾಯಿತು. ಎಡಗಡೆಯ ಎರಡು ಮೂರು ಸುತ್ತುಗಳ ಮೇಲೆ ಕರಿ ಹೊಟ್ಟು ಕಟ್ಟಿತ್ತು, ಅದರಡಿಯ ಹತ್ತಿ ಕಡು ಕಂದು. ಬಲಗಡೆಯ ಸುತ್ತುಗಳ ಕೆಳಗೆ ಹತ್ತಿ ಹೆಚ್ಚುಕಡಿಮೆ ಕೆನೆ ಬಣ್ಣದಲ್ಲೇ ಇತ್ತು. ಒಂದೇ ಕಾಯಿಲ್, ನಾಲ್ಕು ಮಿಲಿಮೀಟರ್ ಉದ್ದ, ಅಷ್ಟರಲ್ಲೇ ಎರಡು ಬೇರೆ ಬೇರೆ ಕಥೆ.

ಆಮೇಲೆ ಬಾಲಗಳನ್ನು ನೋಡಿದೆವು. ಎಡಗಡೆಯ ಬಾಲ ಉದ್ದವಾಗಿತ್ತು. ಉಳಿದ ಉದ್ದವನ್ನು ಮಡಚಿ ಲಿಕ್ವಿಡ್ ಇಳಿಯುವ ಕುಳಿಯೊಳಗೆ ತುರುಕಿದ್ದರು. ಅದು ಕುಳಿಯ ಅಚ್ಚೇ ಆಗಿಹೋಗಿತ್ತು, ಚಿಮಟದ ತುದಿ ಒತ್ತಿದರೂ ತಗ್ಗಲಿಲ್ಲ. ಬಲಗಡೆಯದು ಗಿಡ್ಡ. ಕುಳಿಯ ಬಾಯಿಯವರೆಗೂ ತಲುಪದೆ ಅಂಚಿನಲ್ಲಿ ನಿಂತಿತ್ತು. ಡೆಕ್, ಅಂದರೆ ಕಾಯಿಲ್ ಕೂರುವ ತಳಭಾಗ, ಎತ್ತಿ ಬೆಳಕಿಗೆ ಹಿಡಿದಾಗ ಆ ಕುಳಿಯ ಒಂದು ಬದಿ ಖಾಲಿ ಕಾಣುತ್ತಿತ್ತು.

ಇಲ್ಲಿ ಟ್ಯಾಂಕು ಕೆಲಸ ಮಾಡುವ ಬಗೆಯನ್ನು ಸ್ವಲ್ಪ ಹೇಳಲೇಬೇಕು. ಈ ಬಗೆಯ ಟ್ಯಾಂಕಿನಲ್ಲಿ ಲಿಕ್ವಿಡ್ ಮೇಲಿರುತ್ತದೆ, ಕಾಯಿಲ್ ಕೆಳಗೆ. ಮೇಲೆ ಗಾಳಿಯಾಡದ ಹಾಗೆ ಮುಚ್ಚಿರುವುದರಿಂದ ಲಿಕ್ವಿಡ್ ಸುಮ್ನೆ ಕೆಳಗೆ ಬೀಳುವುದಿಲ್ಲ. ಒಂದು ಹನಿ ಇಳಿಯಬೇಕಾದರೆ ಅದರ ಬದಲಿಗೆ ಅಷ್ಟೇ ಗಾಳಿ ಮೇಲೆ ಹೋಗಬೇಕು. ದಮ್ಮು ಎಳೆದಾಗ ಟ್ಯಾಂಕಿನಲ್ಲಿ ಗುಳ್ಳೆ ಏಳುವುದನ್ನು ನೋಡಿರುತ್ತೀರಿ, ಅದೇ ಗಾಳಿ ಅದು. ಈ ಕೊಡುಕೊಳ್ಳುವಿಕೆ ನಡೆಯುವುದು ಕುಳಿಯಲ್ಲಿ, ಹತ್ತಿಯ ಬಾಲದ ಮೂಲಕ. ಬಾಲ ತೀರಾ ಬಿಗಿಯಾದರೆ ಗುಳ್ಳೆ ಮೇಲೇರದು, ಲಿಕ್ವಿಡ್ ಇಳಿಯದು, ಆ ಕಡೆ ಸುಡುತ್ತದೆ. ಬಾಲ ಕುಳಿಯನ್ನು ಮುಚ್ಚದಿದ್ದರೆ ಗಾಳಿ ತಡೆಯಿಲ್ಲದೆ ನುಗ್ಗುತ್ತದೆ, ಲಿಕ್ವಿಡ್ ಕೆಳಗಿಳಿದು ಗಾಳಿ ತೂತಿನಿಂದ ಹೊರಬರುತ್ತದೆ.

ಸುರೇಶ್ ಅವರ ಟ್ಯಾಂಕಿನಲ್ಲಿ ಎಡಗಡೆ ಮೊದಲನೆಯದು, ಬಲಗಡೆ ಎರಡನೆಯದು. ಅವರು ಅಷ್ಟು ದಿನ ಬದಲಿಸುತ್ತಿದ್ದದ್ದು ಎರಡೂ ಕಡೆಗೆ ಸೇರಿದ ಒಟ್ಟು ಹತ್ತಿಯನ್ನು. ಜಾಸ್ತಿ ಮಾಡಿದರೆ ಎಡಗಡೆ ಇನ್ನೂ ಕಟ್ಟಿಕೊಳ್ಳುತ್ತಿತ್ತು. ಕಡಿಮೆ ಮಾಡಿದರೆ ಬಲಗಡೆ ಇನ್ನೂ ತೆರೆದುಕೊಳ್ಳುತ್ತಿತ್ತು. ಹಾಗಾದರೆ ಬಲಗಡೆ ಬಂದ ಲಿಕ್ವಿಡ್ ಎಡಗಡೆಗೆ ಯಾಕೆ ಹರಿಯಲಿಲ್ಲ? ಅದಕ್ಕೂ ಕಾರಣ ಸಿಕ್ಕಿತು.

ಕಾಯಿಲ್ ಒಳಗಿನ ಹತ್ತಿ ಹಗ್ಗದ ಹಾಗೆ ಹೊಸೆದಿತ್ತು. ಕೇಳಿದಾಗ ಸುರೇಶ್ ಹೇಳಿದರು, "ಬತ್ತಿ ಅಂದ್ರೆ ಹೊಸೀಬೇಕು ಅಲ್ವಾ ಸರ್? ಚಿಕ್ಕವನಿದ್ದಾಗ ಅಜ್ಜಿ ಜೊತೆ ಕೂತು ತೊಡೆ ಮೇಲೆ ದೀಪದ ಬತ್ತಿ ಹೊಸೀತಾ ಇದ್ದೆ." ಆ ಕೈ ಅಭ್ಯಾಸ ಇಲ್ಲಿಗೂ ಬಂದಿತ್ತು. ದೀಪಕ್ಕೆ ಅದು ಸರಿ. ಅಲ್ಲಿ ಎಣ್ಣೆ ನಿಧಾನಕ್ಕೆ ಏರಿದರೆ ಸಾಕು, ಬತ್ತಿ ತಡೆದು ಉರಿಯಬೇಕು. ಕಾಯಿಲ್‌ಗೆ ಬೇಕಾದದ್ದು ಇದಕ್ಕೆ ವಿರುದ್ಧ. ಎರಡು ದಮ್ಮಿನ ನಡುವಿನ ಕೆಲವೇ ಸೆಕೆಂಡಿನಲ್ಲಿ ಲಿಕ್ವಿಡ್ ಓಡಿ ಬರಬೇಕು. ಹೊಸೆದಾಗ ಎಳೆಗಳ ನಡುವಿನ ಸಂದು ಮುಚ್ಚಿಹೋಗುತ್ತದೆ, ಹರಿವು ಕುಂಟುತ್ತದೆ. ಎಳೆಗಳು ಒಂದೇ ದಿಕ್ಕಿಗೆ, ನೇರವಾಗಿ, ಉದ್ದಕ್ಕೆ ಇರಬೇಕು.

ಬಾಲಗಳು ಹೆಚ್ಚುಕಡಿಮೆ ಆದದ್ದು ಹೇಗೆ ಅಂತ ತಿಳಿಯಲು ಅವರಿಂದಲೇ ಹೊಸ ಕಾಯಿಲ್ ಹಾಕಿಸಿ ಪಕ್ಕದಲ್ಲಿ ಕೂತು ನೋಡಿದೆ. ಸ್ಕ್ರೂ ಬಿಗಿಯುವಾಗ ಅದು ತಿರುಗುವ ದಿಕ್ಕಿಗೆ ತಂತಿಯ ಕಾಲನ್ನೂ ಎಳೆದುಕೊಂಡಿತು. ಕಾಯಿಲ್ ಕೂದಲೆಳೆಯಷ್ಟು ಒಂದು ಬದಿಗೆ ಸರಿಯಿತು. ಇಷ್ಟು ಸಣ್ಣ ಡೆಕ್‌ನಲ್ಲಿ ಅಷ್ಟು ಸಾಕು, ಎರಡು ಕುಳಿಗಳ ದೂರ ಬೇರೆಯಾಗಿಬಿಡುತ್ತದೆ. ಆಮೇಲೆ ಅವರು ಡೆಕ್ ಅನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಕತ್ತರಿಸಿದರು. ಬಲ ಬಾಲ ಕಣ್ಣಿಗೆ ಚೆನ್ನಾಗಿ ಕಾಣುತ್ತಿತ್ತು, ಒಳಗೆ ಹೊಕ್ಕು ಕತ್ತರಿಸಿದರು. ಎಡ ಬಾಲ ಅವರದೇ ಬೆರಳಿನ ಮರೆಯಲ್ಲಿತ್ತು. "ಸ್ವಲ್ಪ ಉದ್ದ ಇರಲಿ, ಸೇಫ್" ಅಂತ ಬಿಟ್ಟರು, ಬಿಟ್ಟದ್ದನ್ನು ತುರುಕಿದರು.

ತೀರ್ಮಾನ

ಮುಂದೆ ಮೂರು ದಾರಿ ಇದ್ದವು. ಆರ್‌ಟಿಎ ಬಿಟ್ಟು ಪಾಡ್‌ಗೆ, ಅಂದರೆ ಕಾಯಿಲ್, ಹತ್ತಿ ಮೊದಲೇ ಕೂರಿಸಿರುವ ಸಣ್ಣ ವೇಪ್‌ಗೆ, ಹೋಗುವುದು. ಬೇರೆ ಟ್ಯಾಂಕು ಕೊಳ್ಳುವುದು. ಇಲ್ಲವೇ ಇದೇ ಟ್ಯಾಂಕಿನಲ್ಲಿ ಬತ್ತಿ ಕೂರಿಸುವುದನ್ನು ಮಾತ್ರ ಸರಿಮಾಡುವುದು. ಸುರೇಶ್ ಅವರಿಗೆ ಮೊದಲನೆಯದೇ ಬೇಕಿತ್ತು, ಅಷ್ಟು ಬೇಸತ್ತಿದ್ದರು. ಅದು ತಪ್ಪು ದಾರಿಯೇನಲ್ಲ. ಸಿಗರೇಟಿನಿಂದ ದೂರ ಉಳಿಯುವುದು ಮುಖ್ಯ, ಯಾವ ಸಾಧನ ಅನ್ನುವುದು ಆಮೇಲಿನ ಮಾತು. ಹಾಗಾಗಿ ಎರಡನ್ನೂ ಒಟ್ಟಿಗೆ ಮಾಡಿದೆವು. ಅಗ್ಗದ ಪಾಡ್ ಒಂದನ್ನು ಕೊಂಡು ಕೆಲಸದ ಚೀಲದಲ್ಲಿ ಇಟ್ಟುಕೊಂಡರು. ರಾತ್ರಿ ಟ್ಯಾಂಕು ಕೈಕೊಟ್ಟರೂ ಸಿಗರೇಟು ಕೇಳುವ ಸಂದರ್ಭ ಬರಬಾರದು ಅಂತ. ನನ್ನ ಪ್ರಕಾರ ಈ ಪ್ರಕರಣದ ಅತ್ಯಂತ ಒಳ್ಳೆಯ ತೀರ್ಮಾನ ಇದು, ಅದಕ್ಕೂ ಹತ್ತಿಗೂ ಸಂಬಂಧವಿಲ್ಲದಿದ್ದರೂ.

ಟ್ಯಾಂಕಿನ ವಿಷಯದಲ್ಲಿ ಒಂದು ಕಟ್ಟುಪಾಡು ಹಾಕಿಕೊಂಡೆವು. ತಂತಿ ಅದೇ, ಸುತ್ತು ಅಷ್ಟೇ, 13 ವಾಟ್ ಅದೇ. ಲಿಕ್ವಿಡ್ ಮೊದಲಿನ 50:50ಕ್ಕೆ, ಅಂದರೆ ಅರ್ಧದಷ್ಟೇ ಗ್ಲಿಸರಿನ್ ಇರುವುದಕ್ಕೆ ವಾಪಸ್. ಅದು ಬಿಟ್ಟರೆ ಬದಲಾಗುವುದು ಬತ್ತಿ ಕೂರಿಸುವ ಬಗೆ ಮಾತ್ರ.

ಕೂರಿಸಿದ ಬಗೆ

ಸ್ಕ್ರೂ ಬಿಗಿಯುವಾಗ ಕಾಯಿಲ್ ಒಳಗಿನ, ತಂತಿ ಸುತ್ತಲು ಬಳಸಿದ ಕಡ್ಡಿಯನ್ನು ತೆಗೆಯಲಿಲ್ಲ. ಪೂರ್ತಿ ಬಿಗಿದ ಮೇಲೆ ಅದೇ ಕಡ್ಡಿ ಹಿಡಿದು ಕಾಯಿಲನ್ನು ಗಾಳಿ ತೂತಿನ ನಡುಮಧ್ಯಕ್ಕೆ, ಒಂದೂವರೆ ಮಿಲಿಮೀಟರ್‌ನಷ್ಟು ಮೇಲಕ್ಕೆ ತಂದೆವು. ಶಾರ್ಟ್ ಇಲ್ಲ ಅಂತ ಮೀಟರಿನಲ್ಲಿ ನೋಡಿ, ಕಡಿಮೆ ವಾಟ್‌ನಲ್ಲಿ ಬಿಟ್ಟು ಬಿಟ್ಟು ಕಾಯಿಸಿ, ಸುತ್ತುಗಳು ಸಮನಾಗಿ ಕೆಂಪಾಗುವುದನ್ನು ಖಚಿತಪಡಿಸಿಕೊಂಡೆವು.

ಹತ್ತಿಯನ್ನು ಹೊಸೆಯದೆ, ಎಳೆಗಳ ದಿಕ್ಕಿಗೇ ಉದ್ದಕ್ಕೆ ಹರಿದು, ಒಂದು ತುದಿಯನ್ನು ಮಾತ್ರ ಬೆರಳಲ್ಲಿ ಚೂಪು ಮಾಡಿ ಕಾಯಿಲ್ ಒಳಗೆ ತೂರಿಸಿದೆವು. ಎಷ್ಟು ಬಿಗಿ ಇರಬೇಕು? ಎಳೆದಾಗ ಸ್ವಲ್ಪ ತಡೆಯಬೇಕು, ಕಾಯಿಲ್ ಮಾತ್ರ ಅಲುಗಬಾರದು, ಬಾಗಬಾರದು. ಇಲ್ಲಿ ತೀರಾ ಸಡಿಲ ಬಿಟ್ಟರೆ ತಂತಿಗೂ ಹತ್ತಿಗೂ ನಡುವೆ ಬಿಸಿ ಜಾಗ ಉಳಿಯುತ್ತದೆ.

ಸುರೇಶ್ ಅವರಿಗೆ ಹೊಸದಾಗಿ ಕಂಡದ್ದು ಇದು. ಕಾಯಿಲ್ ಒಳಗಿನ ಬಿಗಿ ಬೇರೆ, ಕುಳಿಯೊಳಗಿನ ಬಿಗಿ ಬೇರೆ. ಒಳಗೆ ತುಂಬಿಕೊಂಡಿರುವ ಹತ್ತಿಯನ್ನೇ ಕುಳಿಗೆ ಇಳಿಸುವ ಮೊದಲು ತೆಳುಮಾಡಬಹುದು. ಅವರು ಇಷ್ಟು ದಿನ ಎರಡನ್ನೂ ಒಂದೇ ಅಳತೆಯಲ್ಲಿ ನಡೆಸಿದ್ದರು.

ಎರಡೂ ಬಾಲಗಳನ್ನು ನೇರ ಹೊರಕ್ಕೆ ಹಿಡಿದು, ಡೆಕ್‌ನ ಹೊರ ಅಂಚಿಗೆ ಸರಿಯಾಗಿ, ಸ್ವಲ್ಪ ಓರೆಯಾಗಿ ಕತ್ತರಿಸಿದೆವು. ಎಡಗಡೆ ಕತ್ತರಿಸುವಾಗ ಡೆಕ್ ಅನ್ನೇ ತಿರುಗಿಸಿಕೊಂಡರು, ಆ ಬಾಲವೂ ಕಣ್ಣೆದುರಿಗೇ ಬಂತು. ಆಮೇಲೆ ದಪ್ಪ ಸೂಜಿಯಿಂದ ಬಾಲದ ಕೆಳ ಅರ್ಧವನ್ನು ಬಾಚಿ, ಸಡಿಲ ಎಳೆಗಳನ್ನು ತೆಗೆದೆವು. ಬಾಲ ಬೀಸಣಿಗೆಯಂತೆ ಹರಡಿತು. ಅದನ್ನು ಚಿಮಟದಲ್ಲಿ ತಳ್ಳದೆ, ಸೂಜಿಯ ಬದಿಯಿಂದ ಮೆಲ್ಲಗೆ ಕುಳಿಯೊಳಗೆ ಬಾಗಿಸಿದೆವು. ಅಂಚಿನಿಂದ ಅಂಚಿಗೆ ಕುಳಿ ಮುಚ್ಚಬೇಕು, ತುದಿ ತಳಕ್ಕೆ ತಾಗಿದರೆ ಸಾಕು, ಮಡಚಬಾರದು. ಕಾಯಿಲ್ ಕೆಳಗೆ, ಗಾಳಿ ತೂತಿನ ಮೇಲೆ, ಒಂದು ಎಳೆಯೂ ಚಾಚಿರಬಾರದು.

ಟ್ಯಾಂಕು ಮುಚ್ಚುವ ಮೊದಲು ಒಂದು ಪರೀಕ್ಷೆ ಮಾಡಿದೆವು. ಹತ್ತಿಯನ್ನು ಪೂರ್ತಿ ನೆನೆಸಿ, ಒಂದೆರಡು ಸಲ ಕಾಯಿಸಿ ಹೊಗೆ ಬರಿಸಿ, ಒಂದು ಕುಳಿಗೆ ಮಾತ್ರ ಒಂದು ಹನಿ ಬಿಟ್ಟು ಕಾಯಿಲ್ ನೋಡುವುದು. ಮಂಕಾಗಿದ್ದ ಹತ್ತಿ ಮತ್ತೆ ಹೊಳೆಯಲು ಎಷ್ಟು ಹೊತ್ತು ಹಿಡಿಯಿತು? ಆಮೇಲೆ ಇನ್ನೊಂದು ಕುಳಿಗೂ ಹಾಗೇ. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಹೊತ್ತು ಹಿಡಿದರೆ ಸರಿ. ಸುರೇಶ್ ಇದನ್ನು ಬಗ್ಗಿ, ಉಸಿರು ಬಿಗಿಹಿಡಿದು ನೋಡಿದರು. ಎಡಗಡೆಯೂ ಬಲಗಡೆಯಷ್ಟೇ ಬೇಗ ಹೊಳೆಯಿತು.

ಏನಾಯಿತು

ಸುಟ್ಟ ರುಚಿ ಅವತ್ತೇ ನಿಂತಿತು. ಬಿಡುವಿನಲ್ಲಿ ಒಂದೇ ಸಮನೆ ಎಳೆದರೂ ಬರಲಿಲ್ಲ. ಸೋರುವುದು ಮಾತ್ರ ಪೂರ್ತಿ ಹೋಗಲಿಲ್ಲ. ರಾತ್ರಿಯಿಡೀ ಮೇಜಿನ ಮೇಲಿದ್ದರೂ ಕೆಳಗೆ ಒಣಗಿಯೇ ಇರುತ್ತಿತ್ತು, ಆದರೆ ಲಿಕ್ವಿಡ್ ತುಂಬಿದ ಕೂಡಲೇ ಎರಡು ಹನಿ ಹೊರಬರುತ್ತಿತ್ತು.

ಸುರೇಶ್ ಮತ್ತೆ ಹತ್ತಿ ಜಾಸ್ತಿ ಮಾಡಲು ಹೊರಟಿದ್ದರು. ಅಲ್ಲಿ ತಡೆದದ್ದು ಒಳ್ಳೆಯದಾಯಿತು. ಯಾವಾಗ ಸೋರುತ್ತದೆ ಅನ್ನುವುದೇ ಇಲ್ಲಿ ಸುಳಿವು. ಇಟ್ಟಲ್ಲೇ ಸೋರಿದರೆ ಬತ್ತಿ ನೋಡಬೇಕು. ತುಂಬಿದ ಕೂಡಲೇ ಮಾತ್ರ ಸೋರಿದರೆ ತುಂಬುವ ರೀತಿ ನೋಡಬೇಕು. ಮೇಲಿನ ಮುಚ್ಚಳ ತೆಗೆದ ಕ್ಷಣಕ್ಕೆ ಲಿಕ್ವಿಡನ್ನು ಹಿಡಿದಿದ್ದ ನಿರ್ವಾತ ಹೋಗುತ್ತದೆ, ಮುಚ್ಚಳ ತಿರುಗಿಸಿ ಹಾಕುವಾಗ ಒಳಗಿನ ಗಾಳಿ ಲಿಕ್ವಿಡನ್ನು ಕೆಳಕ್ಕೆ ಒತ್ತುತ್ತದೆ. ಅವರು ಗಾಳಿ ದಾರಿಯನ್ನು ತೆರೆದಿಟ್ಟೇ, ಅಂಚಿನವರೆಗೂ ತುಂಬುತ್ತಿದ್ದರು. ಗಾಳಿ ದಾರಿ ಮುಚ್ಚಿ ತುಂಬುವುದು, ಮೇಲೆ ಸ್ವಲ್ಪ ಜಾಗ ಬಿಡುವುದು, ಮುಚ್ಚಳ ಹಾಕಿದ ಮೇಲೆ ಟ್ಯಾಂಕನ್ನು ತಲೆಕೆಳಗು ಹಿಡಿದು ಗಾಳಿ ದಾರಿ ತೆರೆಯುವುದು. ಇಷ್ಟು ಮಾಡಿದ ಮೇಲೆ ಆ ಎರಡು ಹನಿಯೂ ನಿಂತಿತು.

ಇದರಿಂದ ತಿಳಿದದ್ದು

ಸೋರುವುದು ಮತ್ತು ಸುಡುವುದು ಒಟ್ಟಿಗೆ ಬಂದರೆ ಒಟ್ಟು ಹತ್ತಿಯ ಪ್ರಮಾಣದ ಕಡೆ ಹೋಗಬೇಡಿ. ಎರಡು ಬಾಲಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು ಕಡೆ ಕಟ್ಟಿಕೊಂಡು ಇನ್ನೊಂದು ಕಡೆ ತೆರೆದಿರುವ ಸಾಧ್ಯತೆ ಬಹಳ.

ಸುಟ್ಟ ಬತ್ತಿಯನ್ನು ಕಾಯಿಲ್ ಸಮೇತ ಎತ್ತಿ ನೋಡದೆ ಬಿಸಾಡಬೇಡಿ. ಕಂದು ಬಣ್ಣ ನಡುವಿನಲ್ಲಿ ಸಮನಾಗಿದ್ದರೆ ವಾಟ್ ಜಾಸ್ತಿ ಇರಬಹುದು, ಇಲ್ಲವೇ ಬತ್ತಿಯ ಆಯಸ್ಸು ಮುಗಿದಿರಬಹುದು. ಒಂದೇ ಪಕ್ಕ ಇದ್ದರೆ ಆ ಪಕ್ಕದ ಬಾಲವನ್ನು ನೋಡಿ. ಸಿಹಿ ಜಾಸ್ತಿ ಇರುವ ಲಿಕ್ವಿಡ್ ಆದರೆ ಕರಿ ಹೊಟ್ಟು ಹೇಗೂ ಬೇಗ ಕಟ್ಟುತ್ತದೆ, ಅದನ್ನು ಇದರ ಜೊತೆ ಬೆರೆಸಿಕೊಳ್ಳಬೇಡಿ.

ಎಲ್ಲ ಟ್ಯಾಂಕಿಗೂ ಇದೇ ಅಳತೆ ಹೊಂದುವುದಿಲ್ಲ. ಕುಳಿ ಅಗಲವಿರುವ, ದೊಡ್ಡ ಗಾಳಿಯ ಟ್ಯಾಂಕುಗಳಲ್ಲಿ ಬಾಲ ದಪ್ಪಗಿರಬೇಕಾಗುತ್ತದೆ. ಕೆಲವು ಟ್ಯಾಂಕುಗಳಲ್ಲಿ ತುದಿ ಕುಳಿಯ ಬಾಯಿಗೆ ತಾಗಿದರೆ ಸಾಕು, ತಳ ಮುಟ್ಟಿದರೆ ಕಟ್ಟಿಕೊಳ್ಳುತ್ತದೆ. ದಪ್ಪ ಲಿಕ್ವಿಡ್‌ಗೆ ಬದಲಾದರೆ ಬಾಲವನ್ನು ಇನ್ನಷ್ಟು ತೆಳು ಮಾಡಬೇಕು. ಕುಳಿ ಮುಚ್ಚಿರಬೇಕು, ಕಟ್ಟಿಕೊಂಡಿರಬಾರದು ಅನ್ನುವುದನ್ನು ಹಿಡಿದುಕೊಂಡು ಉಳಿದದ್ದನ್ನು ನಿಮ್ಮ ಟ್ಯಾಂಕಿನಲ್ಲೇ ಕಂಡುಕೊಳ್ಳಬೇಕು.

ಸುರೇಶ್ ಈಗ ಸುಟ್ಟ ರುಚಿ ಬರುವವರೆಗೆ ಕಾಯದೆ, ರುಚಿ ಮಂಕಾದ ಕೂಡಲೇ ಹತ್ತಿ ಬದಲಿಸುತ್ತಾರೆ. ಲಿಕ್ವಿಡ್‌ನ ನಿಕೋಟಿನ್ ಪ್ರಮಾಣವನ್ನು ಮಿಲಿಗೆ 12 ಮಿಲಿಗ್ರಾಂನಿಂದ 6ಕ್ಕೆ ಇಳಿಸಿದ್ದಾರೆ. ಭಾರತಕ್ಕೆ ಹೋಗುವಾಗ ಟ್ಯಾಂಕು, ಬ್ಯಾಟರಿ, ಲಿಕ್ವಿಡ್ ಯಾವುದನ್ನೂ ಒಯ್ಯುವುದಿಲ್ಲ, ಅಲ್ಲಿ ಔಷಧಿ ಅಂಗಡಿಯಲ್ಲಿ ಸಿಗುವ 2 ಮಿಲಿಗ್ರಾಂ ನಿಕೋಟಿನ್ ಗಮ್‌ನಲ್ಲೇ ದಿನ ದೂಡುತ್ತಾರೆ. ಹೊರಡುವ ಮುಂಚೆ ಹಳೆ ಹತ್ತಿ ತೆಗೆದು, ಟ್ಯಾಂಕು ತೊಳೆದು ಒಣಗಿಸಿಟ್ಟು ಹೋಗುತ್ತಾರೆ.